ಅಂಗಿಗುಂಡಿಯ ಮೇಲೆ ನಿಂತ ಸಿಪಾಯಿಗಳು

ನವರಾತ್ರಿಗೆ ಇನ್ನೂ ಎರಡು ತಿಂಗಳಿತ್ತು. ಜಗಲಿಯ ಮೇಲೆ ಹಳೇ ಪಂಚೆ ಹಾಸಿ, ಅದರ ಮೇಲೆ ಒಂದಂಗುಲ ಎತ್ತರದ ಬೊಂಬೆಗಳನ್ನು ಸಾಲಾಗಿ ನಿಲ್ಲಿಸಿದ್ದೆವು. ಪಕ್ಕದ ಮನೆಯ ಅಜ್ಜಿ ಹಾಲು ತರಲು ಹೊರಟವರು ನಿಂತು, "ಏನಪ್ಪಾ ಮೇಷ್ಟ್ರೇ, ಈ ವರ್ಷ ಕೊಲು ಇಷ್ಟು ಬೇಗ ಇಟ್ಟುಬಿಟ್ರಾ?" ಎಂದರು.

"ಕೊಲು ಅಲ್ಲ ಅಜ್ಜಿ, ಯುದ್ಧ."

ಅಜ್ಜಿ ಬಗ್ಗಿ ನೋಡಿದರು. "ಒಂದು ದೇವರೂ ಇಲ್ಲವಲ್ಲ!" ಎಂದು ಬೇಸರಪಟ್ಟುಕೊಂಡು ಹೋದರು.

ಓದುಗರೆ, ಈ ಸಲ ಪಾಠದ ವಿಷಯ ಬಿಟ್ಟು ನಮ್ಮ ಈ ಹುಚ್ಚಿನ ಬಗ್ಗೆ ಬರೆಯುತ್ತಿದ್ದೇವೆ. ಬರೆಯುವ ಕೈ ಒಂದೇ ಆದರೂ 'ನಾವು' ಎನ್ನುವುದಕ್ಕೆ ಕಾರಣ ಇದೆ. ಬೊಂಬೆಗಳ ಬಣ್ಣದಲ್ಲಿ ಅರ್ಧ ನಮ್ಮ ಮನೆಯವರದು, ಆಟದ ನಿಯಮಗಳಲ್ಲಿ ಮುಕ್ಕಾಲು ನಮ್ಮ ಶಾಲೆಯ ಮಕ್ಕಳದು. ಒಬ್ಬರೇ ಹೆಸರು ತೆಗೆದುಕೊಂಡರೆ ಮನೆಯಲ್ಲೂ ಜಗಳ, ಶಾಲೆಯಲ್ಲೂ ಜಗಳ.

ನಾವು ವಾರವೆಲ್ಲ ತಾಳವಾಡಿ ಬೆಟ್ಟದ ಮೇಲೆ ಕನ್ನಡ ಮಾಧ್ಯಮದ ಮಕ್ಕಳಿಗೆ ಪಾಠ ಹೇಳಿ, ಶನಿವಾರ ದಿಂಬಂ ಘಾಟಿಯ 27 ತಿರುವುಗಳನ್ನು ಇಳಿದು, ಸತ್ಯಮಂಗಲದಲ್ಲಿ ಭವಾನಿ ಸೇತುವೆ ದಾಟಿ, ಕೊಯಮತ್ತೂರು ಜಿಲ್ಲೆಯ ಸಿರುಮುಗೈನಲ್ಲಿರುವ ಮಾವನವರ ಮನೆ ಸೇರುವವರು. ಅಲ್ಲಿನ ನೇಕಾರರ ಬೀದಿಯಲ್ಲಿ ದೇವಾಂಗದವರ ಮನೆಮಾತು ಇಂದಿಗೂ ಕನ್ನಡ. ಓದುವುದು ಬರೆಯುವುದು ತಮಿಳು. ಮಗ್ಗದ ಮುಂದೆ ಕೂತು ಬೈಯುವುದಕ್ಕೆ ಎರಡೂ ಆಗುತ್ತದೆ.

ಹುಚ್ಚು ಶುರುವಾದದ್ದು ಕೊಲುವಿನಿಂದಲೇ. ಕೊಯಮತ್ತೂರಿನ ಅಂಗಡಿಯಿಂದ ತಂದ ಬ್ಯಾಂಡ್ ಸೆಟ್ಟಿನಲ್ಲಿ ಕಹಳೆ ಊದುವವನ ಕೈ ಮುರಿಯಿತು. ಎಂ-ಸೀಲ್ ತಂದು, ಎರಡು ಬಗೆಯ ಹಿಟ್ಟು ಕಲಸಿ, ಕೈ ಕಟ್ಟಿ, ಒಣಗಿದ ಮೇಲೆ ಬಣ್ಣ ಬಳಿದೆವು. ಹಳೆಯ ಕೈಗಿಂತ ಹೊಸ ಕೈ ಚೆನ್ನಾಗಿ ಬಂತು! ಉಳಿದ ಹಿಟ್ಟು ಗಟ್ಟಿಯಾಗುವ ಮೊದಲೇ ಒಬ್ಬ ಸಿಪಾಯಿಯನ್ನು ಮಾಡಿದೆವು. ಆಮೇಲೆ ಒಬ್ಬನೇ ಇದ್ದಾನಲ್ಲ ಎಂದು ಇನ್ನೊಬ್ಬ.

ಹೊರದೇಶಗಳಲ್ಲಿ ಇದು ದೊಡ್ಡವರ ಹವ್ಯಾಸ ಎಂದು ಆಮೇಲೆ ತಿಳಿಯಿತು. ಪ್ರಷ್ಯಾದ ರೈಸ್ವಿಟ್ಸ್ ಎಂಬುವನು 1812ರಲ್ಲಿ ಮೇಜಿನ ಮೇಲೆ ಆಡುವ ಯುದ್ಧದ ಆಟವನ್ನು ತನ್ನ ರಾಜನಿಗೆ ತೋರಿಸಿದ. ಅವನ ಮಗ, ಸೈನ್ಯಾಧಿಕಾರಿ, 1824ರಲ್ಲಿ ಅದನ್ನು ತಿದ್ದಿ ನಕ್ಷೆ, ದಾಳ, ನಿಯಮಪುಸ್ತಕ ಸೇರಿಸಿ ಅಧಿಕಾರಿಗಳ ತರಬೇತಿಗೇ ತಂದ. 1913ರಲ್ಲಿ ಕಾದಂಬರಿಕಾರ ಎಚ್. ಜಿ. ವೆಲ್ಸ್ 'ಲಿಟಲ್ ವಾರ್ಸ್' ಎಂಬ ಪುಸ್ತಕ ಬರೆದು ಮನೆಯ ನೆಲದ ಮೇಲೆ ಆಟದ ಸಿಪಾಯಿಗಳಿಂದ ಯುದ್ಧ ಆಡುವುದನ್ನು ಹೇಳಿಕೊಟ್ಟ. ಈಗ ಇಂಗ್ಲೆಂಡಿನಲ್ಲಿ 28 ಮಿಲಿಮೀಟರಿನ ಸಿಪಾಯಿಗಳು ಪೆಟ್ಟಿಗೆಯಲ್ಲಿ ಸಿಗುತ್ತಾರೆ. ಬಣ್ಣ ನಾವು ಹಚ್ಚಿಕೊಳ್ಳಬೇಕು, ಇತಿಹಾಸ ಓದಿ ಅಂಗಿಯ ಬಣ್ಣ ಸರಿಯಾಗಿ ತಿಳಿಯಬೇಕು, ಆಮೇಲೆ ಆಟ. ತರಿಸೋಣವೆಂದರೆ ನಮ್ಮ ಸಂಬಳಕ್ಕೆ ಅದು ಹೊಂದುವುದಿಲ್ಲ.

ಹಾಗೆಂದು ನಮ್ಮವರಿಗೆ ಇದು ಹೊಸದೇ? ಆನೆ, ಕುದುರೆ, ರಥ, ಕಾಲಾಳು ಇಟ್ಟು ಆಡುವ ಚತುರಂಗ ಮತ್ತೇನು! ಮುಮ್ಮಡಿ ಕೃಷ್ಣರಾಜ ಒಡೆಯರು ಎಷ್ಟು ಹಾಸುಗಳನ್ನು, ಎಷ್ಟು ಆಟಗಳನ್ನು ತಾವೇ ಕಟ್ಟಿದರು! ಅವರ ಶ್ರೀತತ್ತ್ವನಿಧಿಯ ಕೌತುಕನಿಧಿ ಭಾಗ ಆಟಗಳಿಗೇ ಮೀಸಲು. ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನದವರು 'ಕ್ರೀಡಾ ಕೌಶಲ್ಯ' ಎಂಬ ಹೆಸರಿನಲ್ಲಿ ಹಳೆಯ ಹಾಸುಗಳನ್ನೂ ಕಾಯಿಗಳನ್ನೂ ಮತ್ತೆ ಮಾಡಿಸಿ ಪ್ರದರ್ಶನಕ್ಕೆ ಇಡುತ್ತಾರೆ. ನಮಗೆ ಎಲ್ಲಕ್ಕಿಂತ ಹೆಚ್ಚು ಕಲಿಸಿದ್ದು ಹುಲಿ-ಕುರಿ ಆಟ. ತಮಿಳಿನವರ ಆಡು ಪುಲಿ ಆಟ್ಟಂ ಕೂಡ ಅದೇ. ಹುಲಿ ಮೂರು, ಕುರಿ ಹದಿನೈದು. ಎರಡು ಕಡೆಯೂ ಸಮ ಇರಬೇಕೆಂದಿಲ್ಲ, ಗೆಲ್ಲುವ ಬಗೆ ಒಂದೇ ಇರಬೇಕೆಂದೂ ಇಲ್ಲ. ಒಬ್ಬರಿಗೆ ಕೊಲ್ಲುವುದು ಗೆಲುವು, ಇನ್ನೊಬ್ಬರಿಗೆ ಕಟ್ಟಿಹಾಕುವುದು ಗೆಲುವು.

ಯಾವ ಯುದ್ಧ ಎಂದು ಯೋಚಿಸುವ ಕೆಲಸವೇ ಇರಲಿಲ್ಲ. ನಾವು ಪ್ರತಿ ವಾರ ಬಸ್ಸಿನಲ್ಲಿ ಅದರ ಮೇಲೇ ಹಾದುಹೋಗುತ್ತೇವೆ.

1790ರ ಜುಲೈ ತಿಂಗಳಲ್ಲಿ ಕಂಪನಿಯ ಜನರಲ್ ಮೆಡೋಸ್ ಕೊಯಮತ್ತೂರು ಹಿಡಿದ. ಮೈಸೂರಿನಿಂದ ಇಳಿದು ಬರುವ ಗಜಲಹಟ್ಟಿ ಕಣಿವೆಯ ಮೇಲೆ ಕಣ್ಣಿಡಲು ಕರ್ನಲ್ ಫ್ಲಾಯ್ಡ್ ಸತ್ಯಮಂಗಲದಲ್ಲಿ ದಂಡು ಇಳಿಸಿದ್ದ. ಸೆಪ್ಟೆಂಬರಿನಲ್ಲಿ ಟಿಪ್ಪು ಅದೇ ಕಣಿವೆಯಿಂದ ಇಳಿದ. 13ರಂದು ಸತ್ಯಮಂಗಲದ ಬಳಿ ದಿನವೆಲ್ಲ ಕಾದಾಟ. ಮಾರನೆಯ ದಿನ ಫ್ಲಾಯ್ಡ್ ಫಿರಂಗಿಗಳಲ್ಲಿ ಕೆಲವನ್ನು ಬಿಟ್ಟು ಕೊಯಮತ್ತೂರಿನ ಕಡೆಗೆ ಹಿಮ್ಮೆಟ್ಟಿದ. ಮೈಸೂರಿನವರು ಬೆನ್ನಟ್ಟಿ ಸೇವೂರಿನ ಹತ್ತಿರ ಹಿಡಿದರು. ಅಲ್ಲಿ ಹೊಲಗಳ ಸುತ್ತ ಇದ್ದ ಬೇಲಿಗಳ ಮರೆಯಲ್ಲಿ ಮತ್ತೆ ಕಾಳಗ. ಟಿಪ್ಪುವಿನ ಬಾವಮೈದುನ ಬುರ್ಹಾನುದ್ದೀನ್ ಈ ಯುದ್ಧದಲ್ಲೇ ಸತ್ತ. ಸೇವೂರು ಎಂದರೆ ಈಗಿನ ತಿರುಪ್ಪೂರು ಜಿಲ್ಲೆಯ ಅವಿನಾಶಿ ಹತ್ತಿರದ ಊರು. ಈ ಸೀಮೆಯಲ್ಲಿ ಇಂದಿಗೂ ಹೊಲಕ್ಕೆ ಕಿಳುವೈ ಗಿಡದ ಜೀವಂತ ಬೇಲಿ ಹಾಕುತ್ತಾರೆ. ಕಂಗೇಯಂ ಕಡೆ ಹೋದರೆ ಆ ಬೇಲಿಯೊಳಗೆ ಹೆಸರಾಂತ ಕಂಗೇಯಂ ದನಗಳು ಮೇಯುತ್ತಿರುತ್ತವೆ.

ಗಜಲಹಟ್ಟಿ ಎಂಬ ಹೆಸರಿನಲ್ಲೇ ಕನ್ನಡದ ಹಟ್ಟಿ ಇದೆ. ಆ ದಾರಿಯ ಕೆಳಗಿದ್ದ ದಣ್ಣಾಯಕನ ಕೋಟೆ ಭವಾನಿಸಾಗರ ಅಣೆಕಟ್ಟೆಯ ನೀರಿನಲ್ಲಿ ಮುಳುಗಿತು. ಬೇಸಿಗೆಯಲ್ಲಿ ನೀರು ತೀರಾ ಇಳಿದಾಗ ಅಲ್ಲಿನ ಮಾಧವರಾಯ ಪೆರುಮಾಳ್ ದೇವಸ್ಥಾನ ಮೇಲೆದ್ದು ಕಾಣುತ್ತದೆ. ಊರವರು ನೋಡಲು ಹೋಗುತ್ತಾರೆ.

ಇನ್ನು ಬೊಂಬೆಯ ಕೆಲಸ. ತೆಳು ತಂತಿಯಲ್ಲಿ ಎಲುಬುಗೂಡು ಬಗ್ಗಿಸಿ, ಎಂ-ಸೀಲ್ ಹಚ್ಚಿ, ಕಲ್ಲಾಗುವ ಮೊದಲು ಸೂಜಿಯಿಂದ ಮೂಗು ಬಾಯಿ ಕೊರೆಯಬೇಕು. ಬಿಳಿ ಬಣ್ಣ ಒಂದು ಸಲ ಬಳಿದು ಒಣಗಿಸಿದರೆ ಮೇಲಿನ ಬಣ್ಣ ಹಿಡಿಯುತ್ತದೆ. ಮಕ್ಕಳ ಪೋಸ್ಟರ್ ಬಣ್ಣ ಸಾಕು, ಕುಂಚ ಮಾತ್ರ ಸೊನ್ನೆ ನಂಬರಿನದು, ಕೊನೆಗೆ ವಾರ್ನಿಷು. ತೊಂದರೆ ಬಂದದ್ದು ನಿಲ್ಲಿಸುವುದರಲ್ಲಿ. ಒಂದಂಗುಲದ ಮನುಷ್ಯ ಗಾಳಿಗೆ ಬೀಳುತ್ತಾನೆ. ಆಗ ಏಳನೇ ತರಗತಿಯ ಒಬ್ಬ ಹುಡುಗಿ, ತನ್ನ ಚಿಕ್ಕಪ್ಪ ತಿರುಪ್ಪೂರಿನ ಬನಿಯನ್ ಕಂಪನಿಯಿಂದ ತಂದಿದ್ದ ರಿಜೆಕ್ಟ್ ಗುಂಡಿಗಳನ್ನು ಒಂದು ಪೊಟ್ಟಣ ತಂದು ಕೊಟ್ಟಳು. ಅಮೆರಿಕದವರ ಅಂಗಿಗೆ ಹೊಲಿಯಬೇಕಿದ್ದ ಗುಂಡಿಗಳ ಮೇಲೆ ನಮ್ಮ ಸಿಪಾಯಿಗಳು ಗಟ್ಟಿಯಾಗಿ ನಿಂತರು. ಗುಂಡಿಯ ಅಡಿಗೆ ಅವಳೇ ಕನ್ನಡದಲ್ಲಿ ಒಬ್ಬೊಬ್ಬನಿಗೂ ಹೆಸರು ಬರೆದಳು. ಹೆಸರಿಲ್ಲದವನು ಸತ್ತರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ ಸಾರ್, ಅಂದಳು.

ಬಣ್ಣದಲ್ಲಿ ನಾವು ದೊಡ್ಡ ತಪ್ಪು ಮಾಡಿದೆವು, ಹೇಳಿಬಿಡುತ್ತೇವೆ. ಮೈಸೂರು ಸಿಪಾಯಿಗಳ ಅಂಗಿಯ ಮೇಲೆ ಹುಲಿಯ ಗುರುತು ಇತ್ತೆಂದು ಎಲ್ಲೋ ಓದಿ, ನಲವತ್ತು ಜನಕ್ಕೂ ಹಳದಿ ಬಳಿದು ಕಪ್ಪು ಪಟ್ಟೆ ಎಳೆದೆವು. ಹುಲಿವೇಷದ ತಂಡದ ಹಾಗೆ ಕಾಣುತ್ತಿದ್ದರು! ಆಮೇಲೆ ಚಾರ್ಲ್ಸ್ ಗೋಲ್ಡ್ ಎಂಬ ಫಿರಂಗಿ ದಳದ ಅಧಿಕಾರಿ 1806ರಲ್ಲಿ ಅಚ್ಚು ಹಾಕಿಸಿದ ಚಿತ್ರಗಳ ಪುಸ್ತಕದ ವಿವರ ಸಿಕ್ಕಿತು. ನೇರಳೆ ಬಣ್ಣದ ಬಟ್ಟೆ, ಅದರ ಮೇಲೆ ವಜ್ರದಾಕಾರದ ಬಿಳಿ ಚುಕ್ಕೆ, ಅದಕ್ಕೇ ಹುಲಿ ಅಂಗಿ ಎಂದು ಹೆಸರು. ತಲೆಗೆ ಕೆಂಪು ಮಸ್ಲಿನ್ ಮುಂಡಾಸು, ನಡುವಿಗೆ ಅದೇ ಬಣ್ಣದ ಪಟ್ಟಿ, ಬರಿಗಾಲಿಗೆ ಚಪ್ಪಲಿ. ನಮ್ಮ ಮನೆಯವರು ನಲವತ್ತು ಹುಲಿಗಳನ್ನೂ ಬಕೆಟ್ಟಿಗೆ ಹಾಕಿ ತೊಳೆದರು. ನೇರಳೆಯ ಮೇಲೆ ಬಿಳಿ ಚುಕ್ಕೆ ಇಡಲು ಕುಂಚದಿಂದ ಆಗಲಿಲ್ಲ. ಹಲ್ಲುಕಡ್ಡಿಯ ತುದಿ ಅದ್ದಿ ಇಟ್ಟೆವು, ಒಬ್ಬನಿಗೆ ಆರು ಚುಕ್ಕೆ. ಕಣ್ಣಿಗೆ ಕನ್ನಡಕ ಬಂದದ್ದು ಆ ಬೇಸಿಗೆಯಲ್ಲೇ.

ರಜೆಯಲ್ಲಿ ಶ್ರೀರಂಗಪಟ್ಟಣಕ್ಕೂ ಹೋಗಿ ಬಂದೆವು. ದರಿಯಾ ದೌಲತ್ತಿನ ಗೋಡೆಯ ಮೇಲೆ 1780ರ ಪೊಳ್ಳಿಲೂರು ಯುದ್ಧದ ಚಿತ್ರ ಇದೆ. ಕಂಪನಿಯ ಸಿಪಾಯಿಗಳು ಚೌಕ ಕಟ್ಟಿ ನಿಂತಿದ್ದಾರೆ, ನಡುವೆ ಪಲ್ಲಕ್ಕಿಯಲ್ಲಿ ಕರ್ನಲ್ ಬೇಲಿ, ಮದ್ದಿನ ಬಂಡಿ ಸಿಡಿಯುತ್ತಿದೆ. ಆ ಚಿತ್ರಕಾರರೂ ನಮ್ಮ ಹಾಗೆಯೇ ಒಂದೇ ಮುಖವನ್ನು ನೂರು ಸಲ ಬರೆದು ಸುಸ್ತಾಗಿರಬೇಕು.

ಆಟದ ಹಾಸು ಮಾವನವರ ಹಳೇ ಪಂಚೆ. ಭವಾನಿ ನದಿಗೆ ಉಜಾಲ ನೀಲಿ. ಬೇಲಿಗಳಿಗೆ ತೆಂಗಿನ ನಾರು. ಊರ ಹೆಸರು ಎರಡು ಲಿಪಿಯಲ್ಲೂ ಬರೆದೆವು, ಏಕೆಂದರೆ ಮಕ್ಕಳು ಎರಡನ್ನೂ ಓದಬೇಕು. ತಮಿಳು ಕಲಿಕೆಯ ಕಾಯಿದೆ 2006ರಲ್ಲಿ ಬಂದ ಮೇಲೆ ಗಡಿಯ ಕನ್ನಡ ಶಾಲೆಗಳಲ್ಲಿ ಪಾಠ ಹೇಳುವವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ದಾಳದ ಬದಲು ಚೌಕಾಬಾರದ ನಾಲ್ಕು ಕವಡೆ. ಬಾಯಿ ಮೇಲಾದವು ಎಷ್ಟೋ ಅಷ್ಟು, ನಾಲ್ಕೂ ಬೋರಲು ಬಿದ್ದರೆ ಎಂಟು. ಕವಡೆ ಎರಡೂ ಬದಿಗೆ ಸಮವಾಗಿ ಬೀಳುತ್ತದೆಂದು ಇಟ್ಟುಕೊಂಡರೆ ಬೀಳುವ ಬಗೆ ಒಟ್ಟು 16. ಅದರಲ್ಲಿ ಎರಡು ಬೀಳುವುದು 6 ಬಗೆಯಲ್ಲಿ, ನಾಲ್ಕು ಬೀಳುವುದು ಒಂದೇ ಬಗೆಯಲ್ಲಿ, ಎಂಟೂ ಒಂದೇ ಬಗೆಯಲ್ಲಿ. ಸಂಭವನೀಯತೆಯ ಪಾಠವನ್ನು ಮಕ್ಕಳು ಹಾಗೆ ಕಲಿತರು. ಬಂದೂಕಿನ ಗುಂಡು ಒಂದು ಗೇಣು, ಕುದುರೆಯ ನಡೆ ಎರಡು ಗೇಣು. ಯಾರ ಗೇಣು ಎಂದು ಜಗಳ ಹತ್ತಿ, ತರಗತಿಯ ಅತಿ ಚಿಕ್ಕ ಹುಡುಗನ ಗೇಣಿನಷ್ಟು ಕಡ್ಡಿ ಮುರಿದು ಇಟ್ಟುಕೊಂಡೆವು. ಮೈಸೂರಿನ ರಾಕೆಟ್ಟು ಮೂರು ಗೇಣು ಹೋಗುತ್ತದೆ, ಆದರೆ ಕವಡೆ ಎಂಟು ಬಿದ್ದರೆ ತಿರುಗಿ ತನ್ನವರ ಮೇಲೇ ಬೀಳುತ್ತದೆ. ಈ ನಿಯಮ ಮಕ್ಕಳದು. ಎರಡೂ ಕಡೆಯವರು ಕುಣಿಯುವುದು ಇದೊಂದಕ್ಕೇ. (2018ರಲ್ಲಿ ಹೊಸನಗರ ತಾಲ್ಲೂಕಿನ ನಗರದ ಹಾಳು ಬಾವಿಯಲ್ಲಿ ಸಾವಿರಕ್ಕೂ ಹೆಚ್ಚು ಅಂಥ ರಾಕೆಟ್ಟುಗಳು ಸಿಕ್ಕ ಸುದ್ದಿಯನ್ನು ಗೋಡೆಗೆ ಅಂಟಿಸಿದ್ದೇವೆ.)

ಮಾವನವರು ಮೊದಮೊದಲು ಈ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಒಂದು ಭಾನುವಾರ ಮಗ್ಗದಿಂದ ಎದ್ದು ಬಂದು ಒಬ್ಬ ಸಿಪಾಯಿಯನ್ನು ಬೆರಳಲ್ಲಿ ಹಿಡಿದು ಬೆಳಕಿಗೆ ತಿರುಗಿಸಿ ನೋಡಿದರು.

"ಈ ಬಟ್ಟೆ ನೇಯ್ದವನು ಎಲ್ಲವನೆ?"

ನಮಗೆ ಅರ್ಥವಾಗಲಿಲ್ಲ.

"ಅಲ್ಲಾ, ಇಷ್ಟು ಜನ ಅಂಗಿ ಹಾಕ್ಕೊಂಡು ನಿಂತವ್ರೆ. ನೇಯ್ದವನಿಲ್ಲ, ಅನ್ನ ಬೇಯಿಸಿದವನಿಲ್ಲ, ಎತ್ತು ಒಂದೂ ಇಲ್ಲ. ಫಿರಂಗಿ ತಾನೇ ನಡಕೊಂಡು ಬಂತಾ ಅಳಿಯಂದ್ರೆ?"

ಅವತ್ತು ಆಟ ನಿಂತಿತು. ಮುಂದಿನ ಎರಡು ತಿಂಗಳು ನಾವು ಮಾಡಿದ್ದು ಎತ್ತುಗಳನ್ನೇ. ಆ ಕಾಲದ ದಂಡಿನ ಹಿಂದೆ ಕಾದಾಡುವವರಿಗಿಂತ ಹೆಚ್ಚು ಜನ ನಡೆಯುತ್ತಿದ್ದರು. ಹುಲ್ಲು ಕೊಯ್ಯುವವರು, ಧಾನ್ಯ ಹೊತ್ತ ಬಂಜಾರರು, ಹೆಂಗಸರು ಮಕ್ಕಳು. ಮೈಸೂರಿನವರ ವೇಗದ ಗುಟ್ಟೇ ಎತ್ತು. ಒಡೆಯರ ಕಾಲದ ಬೆಣ್ಣೆ ಚಾವಡಿಯ ದನಗಳಿಗೆ ಟಿಪ್ಪು ಅಮೃತ ಮಹಲ್ ಎಂದು ಹೆಸರಿಟ್ಟು ಫಿರಂಗಿ ಎಳೆಯಲು ಸಾಕಿಸಿದ. ಈಗ ನಮ್ಮ ಆಟದಲ್ಲಿ ಎರಡು ಜೋಡಿ ಎತ್ತಿಲ್ಲದೆ ಫಿರಂಗಿ ಕದಲುವುದಿಲ್ಲ. ಎತ್ತು ಸತ್ತರೆ ಫಿರಂಗಿ ಬಿಟ್ಟು ಓಡಬೇಕು. ಆಟ ಎರಡು ಪಟ್ಟು ನಿಧಾನವಾಯಿತು, ನಾಲ್ಕು ಪಟ್ಟು ಚೆನ್ನಾಗಿಯೂ ಆಯಿತು. ಮಾವನವರ ಮಾತಿಗೆ ಒಂದು ಮಗ್ಗದ ಬೊಂಬೆಯನ್ನೂ ಮಾಡಿ ಸತ್ಯಮಂಗಲದ ಹತ್ತಿರ ಇಟ್ಟೆವು. ಅದರ ಗೇಣಳತೆಯೊಳಗೆ ಯಾರೂ ಗುಂಡು ಹಾರಿಸುವಂತಿಲ್ಲ. ಇದು ಇತಿಹಾಸವಲ್ಲ, ಮಾವನವರ ಆಜ್ಞೆ.

ಆಟವನ್ನು ಶಾಲೆಯಲ್ಲಿ ಮೊದಲ ಸಲ ಹಾಸಿದ ದಿನ ಎಂಟು ಮಕ್ಕಳಿದ್ದರು. ಗುಂಡಿ ತಂದುಕೊಟ್ಟ ಆ ಹುಡುಗಿ ಕವಡೆ ಕೈಯಲ್ಲಿ ಹಿಡಿದು ಕೇಳಿದಳು:

"ಸಾರ್, ನಮ್ಮದು ಯಾವ ಕಡೆ?"

"ನಿನಗೆ ಯಾವುದು ಬೇಕೋ ತಗೋ."

"ಹಂಗಲ್ಲ ಸಾರ್. ನಾವು ಕನ್ನಡದೋರು, ಹಂಗಾದ್ರೆ ಮೈಸೂರು ಕಡೆ. ಆದ್ರೆ ನಾವಿರೋದು ತಮಿಳುನಾಡು. ನಿಜವಾಗ್ಲೂ ಆಗಿದ್ರೆ ನಾವು ಯಾವ ಕಡೆ ಇರ್ತಿದ್ವಿ?"

ಇಪ್ಪತ್ತು ವರ್ಷ ಪಾಠ ಹೇಳಿದ ನಮಗೆ ಥಟ್ಟನೆ ಉತ್ತರ ಬರಲಿಲ್ಲ. ಫ್ಲಾಯ್ಡನ ದಂಡಿನ ಮದರಾಸು ಸಿಪಾಯಿಗಳ ಮನೆಮಾತು ತಮಿಳು, ತೆಲುಗು. ಮೈಸೂರಿನ ದಂಡಿನಲ್ಲೂ ಒಂದೇ ಮಾತಿರಲಿಲ್ಲ. 1791ರಲ್ಲಿ ಕೊಯಮತ್ತೂರು ಕೋಟೆಯನ್ನು ಮೈಸೂರಿನವರು ಮುತ್ತಿದಾಗ ಒಳಗೆ ಲೆಫ್ಟಿನೆಂಟ್ ಚಾಮರ್ಸ್ ಜೊತೆ ನಿಂತವರು ತಿರುವಾಂಕೂರಿನವರು, ಅವರ ಮೇಲೊಬ್ಬ ಫ್ರೆಂಚ್ ಅಧಿಕಾರಿ. ನವೆಂಬರಿನಲ್ಲಿ ಕೋಟೆ ಬಿತ್ತು. ಆ ಕೋಟೆ ನೋಡಲು ನಾವು ಹೋದರೆ ಕೋಟೆಯೇ ಇಲ್ಲ, ಕೋಟ್ಟೈಮೇಡು ಎಂಬ ಹೆಸರು, ಸಂಗಮೇಶ್ವರನ ಗುಡಿ, ಬಿರಿಯಾನಿ ಅಂಗಡಿಗಳು.

ಕಂಗೇಯಂ ಸೀಮೆಯ ಧೀರನ್ ಚಿನ್ನಮಲೈ ಕಥೆಯನ್ನು ಮಕ್ಕಳಿಗೆ ಹೇಳಿದೆವು. ಮೈಸೂರಿಗೆ ಹೋಗುತ್ತಿದ್ದ ಕಂದಾಯದ ಹಣವನ್ನು ಆತ ದಾರಿಯಲ್ಲಿ ಕಿತ್ತು ಬಡವರಿಗೆ ಹಂಚಿದ, ಕೇಳಿದರೆ ಚೆನ್ನಿಮಲೈಗೂ ಶಿವನ್‌ಮಲೈಗೂ ನಡುವಿನ ಚಿನ್ನಮಲೈ ತೆಗೆದುಕೊಂಡನೆಂದು ಹೇಳಿ ಎಂದನಂತೆ. ಅದೇ ಮನುಷ್ಯ ಮುಂದೆ ಟಿಪ್ಪುವಿನ ಜೊತೆ ಸೇರಿ ಕಂಪನಿಯ ಮೇಲೆ ಕಾದಿದ. 1805ರಲ್ಲಿ ಸಂಕಗಿರಿಯಲ್ಲಿ ಗಲ್ಲಿಗೇರಿದ. ಅವನು ಯಾವ ಕಡೆ? ಗಡಿಯ ಗೆರೆಯೂ ಹಾಗೆಯೇ. 1956ರವರೆಗೆ ಕೊಳ್ಳೇಗಾಲ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಅದು ಆ ಕಡೆ ಹೋಯಿತು, ತಾಳವಾಡಿ ಈ ಕಡೆ ಉಳಿಯಿತು.

ಹುಡುಗಿ ಎಲ್ಲ ಕೇಳಿ, "ಹಂಗಾದ್ರೆ ಕವಡೆ ಹಾಕಿ ನೋಡೋಣ ಸಾರ್" ಎಂದಳು. ಅಂದಿನಿಂದ ಕವಡೆ ಹೇಳಿದ ಕಡೆ. ಅರ್ಧ ಆಟವಾದ ಮೇಲೆ ಎಲ್ಲರೂ ಜಾಗ ಬದಲಿಸಬೇಕು. ತಾನೇ ಮುತ್ತಿಗೆ ಹಾಕಿದ ದಂಡನ್ನು ತಾನೇ ಬಿಡಿಸಿಕೊಳ್ಳಬೇಕು. ಹೆಸರಿಟ್ಟ ಸಿಪಾಯಿಗಳನ್ನು ಬಿಟ್ಟು ಎದುರು ಕಡೆಗೆ ಹೋಗುವಾಗ ಮೊದಲ ದಿನ ಇಬ್ಬರು ಅತ್ತರು.

ಶಾಲೆಗೆ ಬಂದ ಹಿರಿಯರೊಬ್ಬರು ಇದನ್ನು ನೋಡಿ, ಸರ್ಕಾರಿ ಮೇಷ್ಟ್ರಿಗೆ ಬೇರೆ ಕೆಲಸವಿಲ್ಲವೇ, ಮಕ್ಕಳಿಗೆ ಯುದ್ಧ ಕಲಿಸುತ್ತೀರಾ, ಅದೂ ಟಿಪ್ಪುವಿನದು, ಎಂದು ಗದರಿದರು. ಟಿಪ್ಪುವಿನ ಮೇಲೆ ಈಗ ದೊಡ್ಡವರು ಮಾಡುವ ಜಗಳಕ್ಕಿಂತ ನಮ್ಮ ಮಕ್ಕಳ ಜಗಳ ವಾಸಿ, ಏಕೆಂದರೆ ಇವರು ನಕ್ಷೆ ನೋಡಿಯಾದರೂ ಜಗಳವಾಡುತ್ತಾರೆ. ಅದನ್ನು ಅವರೆದುರು ಹೇಳಲಿಲ್ಲ. ಪಂಚೆ ಮಡಚಿ ಇಟ್ಟೆವು, ಅವರು ಹೋದ ಮೇಲೆ ಮತ್ತೆ ಹಾಸಿದೆವು.

ಆದರೆ ಮುಂದಿನ ಜೂನಿನಲ್ಲಿ ಎಂಟು ಮಕ್ಕಳು ಐದಾದರು. ಇಬ್ಬರನ್ನು ಕೆಳಗೆ ಇಂಗ್ಲಿಷ್ ಶಾಲೆಗೆ ಹಾಕಿದರು. ಮಳೆ ಕೈಕೊಟ್ಟು ಆ ಹುಡುಗಿಯ ಅಪ್ಪ ಅಮ್ಮ ಬನಿಯನ್ ಕಂಪನಿಯ ಕೆಲಸಕ್ಕೆ ಹೋದರು, ಅವಳೂ ಹೋದಳು. ವರ್ಗಾವಣೆ ಪತ್ರ ಬರೆದುಕೊಟ್ಟವರು ನಾವೇ. ಎಂಟನೇ ತರಗತಿ, ತಮಿಳು ಮಾಧ್ಯಮ. ನಮ್ಮ ಆಟಕ್ಕೆ ಕಡಿಮೆಯೆಂದರೆ ಆರು ಜನ ಬೇಕು. ಐದು ಜನ ಮಕ್ಕಳ ಜೊತೆ ನಾವೂ ಒಬ್ಬರಾಗಿ ಕೂತು ಆಡಿದೆವು. ತರಗತಿಯೇ ಉಳಿಯುತ್ತದೋ ಇಲ್ಲವೋ ಎಂಬ ಚಿಂತೆಯ ಮುಂದೆ ಆಟದ ಚಿಂತೆ ದೊಡ್ಡದಲ್ಲ, ಗೊತ್ತು. ಆದರೂ ಅವಳು ಹೆಸರು ಬರೆದ ಸಿಪಾಯಿಯನ್ನು ಎತ್ತಿ ನಡೆಸುವಾಗ ಗುಂಡಿಯ ಅಡಿಯ ಅಕ್ಷರ ಕಾಣುತ್ತದೆ.

ಹೋದ ಪೊಂಗಲ್ ರಜೆಯಲ್ಲಿ ನಾವಿಬ್ಬರೂ ಅವಿನಾಶಿಗೆ ಮದುವೆಗೆ ಹೋಗಬೇಕಾಯಿತು. ಅವರ ಮನೆ ಸೇವೂರು ದಾರಿಯಲ್ಲೇ ಎಂದು ಗೊತ್ತಿತ್ತು. ಚೀಲದಲ್ಲಿ ಪಂಚೆ, ಒಂದು ಡಬ್ಬಿ ಸಿಪಾಯಿಗಳು, ಕವಡೆ ಇಟ್ಟುಕೊಂಡೆವು. ಮದುವೆಗೆ ಹೋಗುವವರ ಚೀಲವಾ ಇದು, ಎಂದು ಮನೆಯವರು ಗೊಣಗಿದರು. ಎತ್ತುಗಳ ಡಬ್ಬಿಯನ್ನು ಮರೆಯದೆ ತಂದವರೂ ಅವರೇ.

ಒಂದೇ ಕೋಣೆಯ ಬಾಡಿಗೆ ಮನೆ. ಅವಳು ಎತ್ತರವಾಗಿದ್ದಳು. "ವಾಂಗ ಸಾರ್" ಎಂದವಳು ತಕ್ಷಣ "ಬನ್ನಿ ಸಾರ್" ಎಂದಳು. ತಾಯಿ ಟೀ ಇಟ್ಟರು. ಪಂಚೆ ಹಾಸಿದರೆ ಕೋಣೆ ತುಂಬಿತು, ಸತ್ಯಮಂಗಲ ಬಾಗಿಲ ಹತ್ತಿರ, ಸೇವೂರು ಗ್ಯಾಸ್ ಒಲೆಯ ಹತ್ತಿರ. "ಸಾರ್, ಈಗ ನಾವಿರೋದು ಇಲ್ಲೇ" ಎಂದು ಒಲೆಯ ಪಕ್ಕದ ನಾರಿನ ಬೇಲಿ ತೋರಿಸಿ ನಕ್ಕಳು. ಅವಳ ತಮ್ಮ ಮೈಸೂರಿನ ಕಡೆ, ಅವಳು ಕವಡೆ ಹೇಳಿದ ಹಾಗೆ ಹಿಮ್ಮೆಟ್ಟುವ ಕಡೆ. ಒಂದು ಫಿರಂಗಿ ಆಗಲೇ ಹೋಗಿತ್ತು. ಇನ್ನೊಂದಕ್ಕೆ ಒಂದೇ ಜೋಡಿ ಎತ್ತು ಉಳಿದಿತ್ತು. ತಮ್ಮ ರಾಕೆಟ್ಟು ಹಚ್ಚಿ, ತನಗೆ ಕೈ ನಡುಗುತ್ತದೆಂದು ಕವಡೆಯನ್ನು ಅಕ್ಕನ ಕೈಗೇ ಕೊಟ್ಟ.

ಅವಳು ಕುಲುಕಿ ಹಾಕಿದಳು. ನಾಲ್ಕೂ ಬೋರಲು.

"ಎಟ್ಟು!" ಎಂದು ಕೂಗಿದಳು. ಆಮೇಲೆ ನಮ್ಮ ಮುಖ ನೋಡಿ ನಾಲಗೆ ಕಚ್ಚಿಕೊಂಡು, "ಎಂಟು ಸಾರ್, ಎಂಟು" ಎಂದಳು.

"ಎರಡೂ ಒಂದೇ. ರಾಕೆಟ್ಟು ತಿರುಗಿಸು, ನಿನ್ನ ತಮ್ಮನ ದಂಡಿನ ಮೇಲೆ ಬಿತ್ತು" ಎಂದೆವು.

ತಮ್ಮ ಕವಡೆ ಸರಿಯಾಗಿ ಕುಲುಕಲಿಲ್ಲ ಎಂದು ಜಗಳ ತೆಗೆದ. ನಾವು ಹೊರಡುವಾಗ ಮದುವೆಯ ಊಟ ಮುಗಿದುಹೋಗಿತ್ತು.